ಹನ್ನೊಂದೂ ನಲವತ್ತರ ಸುಳ್ಳು

“ಈ ಗುಂಡಿ ಒತ್ತಿ ಹಿಡ್ಕಂಡೇ ಆನ್ ಮಾಡ್ಬೇಕು ಸಾ. ಇಲ್ದಿದ್ರೆ ಆ ಕಡೆ ಬಾಗ್ಲು ತೆಗೆಯಕಿಲ್ಲ.”

ನಂಜನಗೂಡಿನ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನ ಪ್ರೇಮ್‌ಕುಮಾರ್ ಕೀಬೋರ್ಡಿನ ಒಂದು ಗುಂಡಿಯ ಮೇಲೆ ಬೆರಳೂರಿದ. ಬಿಳಿ ಬಣ್ಣದ ಮ್ಯಾಕ್ ಕಂಪ್ಯೂಟರ್ ಒಮ್ಮೆ ಗುಂಯ್ ಎಂದಿತು. ಬೂದು ಪರದೆಯ ಮೇಲೆ ಎರಡು ಪೆಟ್ಟಿಗೆಗಳ ಚಿತ್ರ ಮೂಡಿತು. ಒಂದರ ಕೆಳಗೆ ಮ್ಯಾಕ್, ಇನ್ನೊಂದರ ಕೆಳಗೆ ವಿಂಡೋಸ್.

ಮಹದೇವಯ್ಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕಂಪ್ಯೂಟರನ್ನು ಅವರು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವರು. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುವುದು ಅವರ ಕೆಲಸ. ಜನ ಬಿಟ್ಟುಹೋದ ಸಾಮಾನಿಗೆ ವಾರಸುದಾರರನ್ನು ಹುಡುಕುವುದು ಅವರಿಗೆ ಅಂಟಿಕೊಂಡ ಖಯಾಲಿ. ನಿವೃತ್ತರಾದ ಮೇಲೂ ಜನ ಅವರನ್ನು ಹುಡುಕಿಕೊಂಡು ಬರುವುದು ಆ ಖಯಾಲಿಯಿಂದಾಗಿಯೇ.

“ಒಂದೇ ಮನೇಲಿ ಎರಡು ಒಲೆ ಹೂಡಿದಂಗಾಯ್ತಲ್ಲಪ್ಪ,” ಎಂದರು.

“ಅಂಗೇ ಅನ್ಕಳಿ. ಮ್ಯಾಕ್ ನಮ್ದು, ಪ್ರೆಸ್ ಕೆಲ್ಸ ಎಲ್ಲಾ ಅದ್ರಲ್ಲೇ. ಈ ವಿಂಡೋಸು ಒಳಗೈತೆ ಅಂತ ನಂಗೇ ಗೊತ್ತಿರ್ಲಿಲ್ಲ. ಪರೀಕ್ಷಾ ಸಮಿತಿಯೋರು ಒಬ್ಬ ಕಂಪ್ಯೂಟರ್ ಮೇಷ್ಟ್ರನ್ನ ಕರ್ಕಂಬಂದಿದ್ರಲ್ಲ, ಅವ್ರು ಅರ್ಧ ದಿನ ಕೂತು ಎಲ್ಲಾ ತಡಕಾಡಿ ಕಂಡುಹಿಡುದ್ರು.”

ಆ ಮೇಷ್ಟರು ಕಂಡುಹಿಡಿದದ್ದರಿಂದಲೇ ಬದನವಾಳಿನ ಕೋಮಲ ನಾಲ್ಕು ದಿನಗಳಿಂದ ಮನೆಯಿಂದ ಹೊರಗೆ ಬಂದಿರಲಿಲ್ಲ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆ ಬಯಲಾಗಿತ್ತು. ಅದನ್ನು ಈ ಪ್ರೆಸ್ಸಿನಲ್ಲಿ ಟೈಪ್ ಮಾಡಿದವಳು ಕೋಮಲ. ಅದರ ಒಂದು ನಕಲು ಈ ಬಚ್ಚಿಟ್ಟ ವಿಂಡೋಸಿನೊಳಗೆ ಸಿಕ್ಕಿತ್ತು. ನಕಲು ಒಳಗೆ ಬಂದ ಹೊತ್ತು ಫೆಬ್ರವರಿ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹನ್ನೊಂದೂ ನಲವತ್ತು. ಆ ಹೊತ್ತಿಗೆ ಪ್ರೆಸ್ಸಿನಲ್ಲಿ ಅವಳೊಬ್ಬಳೇ ಇದ್ದಳು.

ಇವತ್ತು ಸಂಜೆ ನಾಲ್ಕಕ್ಕೆ ನರಸೀಪುರದಲ್ಲಿ, ಹೆಡ್‌ಮಾಸ್ಟರ್ ಕಲ್ಲಯ್ಯನವರ ಅಧ್ಯಕ್ಷತೆಯಲ್ಲಿ, ಸಮಿತಿಯ ಸಭೆ. ಅಷ್ಟರೊಳಗೆ ಬೇರೆ ದಾರಿ ಕಾಣದಿದ್ದರೆ ಅವಳ ಮೇಲೆ ಪೊಲೀಸ್ ದೂರು. ಗ್ರಾಮಲೆಕ್ಕಿಗರ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂದು ಹದಿನೈದು ದಿನವಾಗಿತ್ತು. ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ. ದೂರು ದಾಖಲಾದರೆ ಆ ಕೆಲಸ ಕೈತಪ್ಪಿದಂತೆಯೇ.

ವಿಂಡೋಸ್ ತೆರೆದುಕೊಂಡಿತು. ಪರದೆಯ ಮೇಲೆ ಇದ್ದದ್ದು ಎರಡೇ ವಸ್ತು. ಒಂದು ಕೆಂಪು ಕಾರಿನ ಚಿತ್ರ, ಇನ್ನೊಂದು ಒಂದು ಫೋಲ್ಡರು.

“ಈ ಕಾರು ಯಾವುದಪ್ಪ?”

“ಗೇಮು ಸಾ. ಕಾರ್ ರೇಸು. ಇಂತಾವು ಮ್ಯಾಕಲ್ಲಿ ಓಡಕಿಲ್ವಂತೆ, ವಿಂಡೋಸ್‌ಗೇ ಮಾಡಿರೋವು. ಅದನ್ನ ಆಡಕ್ಕೋಸ್ಕರನೇ ಯಾರೋ ಇದನ್ನ ತುರುಕವ್ರೆ ಅಂದ್ರು ಮೇಷ್ಟ್ರು.”

“ಕೋಮಲ ಕಾರ್ ರೇಸ್ ಆಡ್ತಳಾ?”

ಪ್ರೇಮ್‌ಕುಮಾರ್ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದ್ದ, ಅಷ್ಟೇ. “ಆಡ್ತಿರ್ಲಿಲ್ಲ. ಆದ್ರೆ ಫೈಲು ಐತಲ್ಲ ಸಾ. ಟೈಮು ಐತಲ್ಲ.”

ಮಹದೇವಯ್ಯ ಫೋಲ್ಡರಿನ ಕಡೆಗೆ ನೋಡಲಿಲ್ಲ. ಅವರ ಕಣ್ಣು ಪರದೆಯ ಕೆಳಮೂಲೆಗೆ ಹೋಗಿತ್ತು. ಮೂವತ್ತೊಂದು ವರ್ಷದ ಅಭ್ಯಾಸ. ಯಾವ ಕೋಣೆಗೆ ಹೊಕ್ಕರೂ ಮೊದಲು ಗಡಿಯಾರ ಹುಡುಕುತ್ತಿದ್ದರು.

ಮೂಲೆಯಲ್ಲಿ ಸಣ್ಣ ಅಂಕಿಗಳಿದ್ದವು. ನಾಲ್ಕೂ ಐವತ್ತು.

ಗೋಡೆಯ ಗಡಿಯಾರ ನೋಡಿದರು. ಹತ್ತೂ ಇಪ್ಪತ್ತು. ತಮ್ಮ ಕೈಗಡಿಯಾರ ನೋಡಿಕೊಂಡರು. ಹತ್ತೂ ಇಪ್ಪತ್ತೇ.

“ಇದೇನು, ನಿನ್ನ ಯಂತ್ರ ಇನ್ನೂ ಬೆಳಗಿನ ಜಾವದಲ್ಲೈತೆ?”

“ಅಯ್ಯೋ, ಅದ್ರ ಗಡಿಯಾರ ಕೆಟ್ಟು ತಿಂಗ್ಳಾಯ್ತು ಸಾ. ಒಳಗಿನ ಸೆಲ್ಲು ಹೋಗೈತೆ ಅಂತ ಮೈಸೂರಿಂದ ರಿಪೇರಿಯೋನ್ನ ಕರೆಸ್ದೆ. ಹೊಸ ಸೆಲ್ ಹಾಕ್ದ, ಆದ್ರೂ ಸರಿಹೋಗ್ಲಿಲ್ಲ. ಪಾಪ, ಕೋಮಲ ದಿನಾ ಬಂದು ಮ್ಯಾಕಿನ ಟೈಮ್ ತಿದ್ದೋಳು. ಕ್ಯಾಲೆಂಡರಲ್ಲೂ ಬರೆದಿಟ್ಟವಳೆ, ಅವ್ನು ತಿರುಗ ಬಂದಾಗ ತೋರ್ಸಕ್ಕೆ.”

ಮಹದೇವಯ್ಯ ಎದ್ದು ಕ್ಯಾಲೆಂಡರಿನ ಹತ್ತಿರ ಹೋದರು. ತಾರೀಖಿನ ಚೌಕಗಳಲ್ಲಿ ಮದುವೆ ಪತ್ರಿಕೆ ಕೊಡಬೇಕಾದವರ ಹೆಸರು, ನೀರಿನ ಕ್ಯಾನು, ಗ್ಯಾಸು. ನಡುವೆ, ಫೆಬ್ರವರಿ ಐದರವರೆಗೆ ಮಾತ್ರ, ಕೋಮಲಳ ಗುಂಡುಗುಂಡಾದ ಅಕ್ಷರ.

‘ಯಂತ್ರ ಮಧ್ಯಾಹ್ನ 3.05, ಗೋಡೆ ಬೆಳಿಗ್ಗೆ 9.35.’ ‘ಯಂತ್ರ 3.00, ಗೋಡೆ 9.30.’ ‘ಯಂತ್ರ 3.12, ಗೋಡೆ 9.42.’

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು. ಆಮೇಲೆ ತಿರುಗಿ ಕಂಪ್ಯೂಟರಿನ ಮೂಲೆಯನ್ನು ನೋಡಿದರು.

“ಪ್ರೇಮ್, ಸೆಲ್ಲು ಕೆಟ್ಟ ಗಡಿಯಾರ ಎಂಗೆ ಕೆಡ್ತದೆ ಹೇಳು?”

“ನಿಂತೋಯ್ತದೆ. ಇಲ್ಲ ಅಂದ್ರೆ ನಿಧಾನ ಓಡ್ತದೆ.”

“ಇವತ್ತು ಹತ್ತು ನಿಮಿಷ, ನಾಳೆ ಇಪ್ಪತ್ತೈದು. ಬಸ್‌ಸ್ಟ್ಯಾಂಡಿನ ಗಡಿಯಾರದ ಜೊತೆ ನಾನು ಅದೆಷ್ಟು ವರ್ಷ ಗುದ್ದಾಡಿವ್ನಿ. ಇದು ನೋಡು. ಬೆಳಿಗ್ಗೆ ಮ್ಯಾಕಲ್ಲಿ ಮುಂದೆ ಹೋದಾಗ್ಲೂ ಐದೂವರೆ ಗಂಟೆ, ಈಗ ಈ ಕಡೇಲಿ ಹಿಂದೆ ಇದ್ರೂ ಐದೂವರೆ ಗಂಟೆ. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿ ಇಲ್ಲ. ಇದು ಕೆಟ್ಟಿರೋದಲ್ಲ ಕಣಪ್ಪ. ಯಾರೋ ಮುಟ್ಟಿರೋದು.”

ಪ್ರೇಮ್‌ಕುಮಾರ್ ಬಗ್ಗಿ ಪರದೆಯ ಮೂಲೆಯನ್ನು ನೋಡಿದ.

“ಇನ್ನೊಂದು ಮಾತು. ಯಂತ್ರದ ಟೈಮು ಸುಳ್ಳು ಅಂತ ನಿನಗೆ ಗೊತ್ತಿತ್ತು. ಆದ್ರೆ ಫೈಲಿನ ಮೇಲಿರೋ ಟೈಮು ನಿಜ ಅಂತ ನಂಬ್ದೆ. ಆ ಫೈಲಿಗೆ ಟೈಮು ಕೊಟ್ಟೋರು ಯಾರಪ್ಪ?”

ಪ್ರೆಸ್ಸಿನ ಯಜಮಾನನ ಮುಖ ನಿಧಾನವಾಗಿ ಬಣ್ಣಗೆಟ್ಟಿತು. “ಇದೇ ಗಡಿಯಾರ,” ಎಂದ.

“ಹನ್ನೊಂದೂ ನಲವತ್ತಕ್ಕೆ ಐದೂವರೆ ಕೂಡ್ಸು.”

“ಐದೂ ಹತ್ತು. ಸಾಯಂಕಾಲ ಐದೂ ಹತ್ತು.”

“ಆ ಮಂಗಳವಾರ ಐದೂ ಹತ್ತಕ್ಕೆ ಕೋಮಲ ಎಲ್ಲಿದ್ಳು?”

“ಇಲ್ಲಿರ್ಲಿಲ್ಲ ಸಾ. ನಾನು ಮೈಸೂರಿಂದ ಅಚ್ಚಿನ ಪ್ಲೇಟ್ ತಕಂಡು ನಾಲ್ಕೂಕಾಲಿಗೆ ಬಂದೆ. ನಾಲ್ಕೂವರೆಗೆ ಅವಳ್ನ ನಾನೇ ಕಳಿಸ್ದೆ, ಬಸ್ ತಪ್ಪಿಹೋಯ್ತದೆ ಹೋಗವ್ವ ಅಂತ.” ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. “ನಾಲ್ಕು ದಿನದಿಂದ ಆ ಮಗೂಗೆ ಮುಖ ತೋರ್ಸಿಲ್ಲ ನಾನು.”

“ಅದು ಆಮೇಲೆ. ಐದು ಗಂಟೆ ಮೇಲೆ ಅಂಗಡೀಲಿ ಯಾರಿರ್ತಾರೆ?”

ಉತ್ತರ ಕೊಡುವ ಮೊದಲು ಪ್ರೇಮ್‌ಕುಮಾರ್ ಬಾಗಿಲ ಕಡೆಗೆ ನೋಡಿದ. ಅಲ್ಲಿ ಫ್ಲಾಸ್ಕಿನಲ್ಲಿ ಟೀ ಹಿಡಿದುಕೊಂಡು ಅವನ ಬಾಮೈದ ಜಗನ್ ನಿಂತಿದ್ದ. ಇಪ್ಪತ್ತೈದರ ಹುಡುಗ. ಬಲಗಾಲು ಮೊಣಕಾಲಿನಿಂದ ಕೆಳಗೆ ಸೊಟ್ಟಗಾಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಟೀ ತಂದವನು ಒಳಗೆ ಕಾಲಿಟ್ಟಿರಲಿಲ್ಲ.

“ನಾನು ಮದುವೆ ಪತ್ರಿಕೆ ಕೊಟ್ಟು ಬರಕ್ಕೆ ಹೋಗ್ತೀನಿ,” ಎಂದ ಪ್ರೇಮ್‌ಕುಮಾರ್ ಮೆಲ್ಲಗೆ. “ಐದರಿಂದ ಏಳರಗಂಟ ಅಂಗಡಿ ನೋಡ್ಕಳದು ಇವ್ನೇ.”

ಮಹದೇವಯ್ಯ ಪಕ್ಕದ ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ಸರಿಸಿದರು. “ಬಾರಪ್ಪ, ಕೂತ್ಕೊ. ಟೀ ಹುಯ್ಯಿ. ನಿನಗೂ ಒಂದು ಲೋಟ ಹುಯ್ಕೊ.”

ಜಗನ್ ಟೀ ಹುಯ್ದ. ಅರ್ಧ ಮೇಜಿನ ಮೇಲೆ ಚೆಲ್ಲಿತು.

“ಈ ಕೆಂಪು ಕಾರು ಎಷ್ಟು ಜೋರಾಗಿ ಓಡ್ತದೆ?”

ಅವನು ಮೊದಲು ಬಾವನನ್ನು ನೋಡಿದ, ಆಮೇಲೆ ಪರದೆಯನ್ನು. “ಇನ್ನೂರ ಎಂಬತ್ತು.”

“ಲೇ,” ಎಂದ ಪ್ರೇಮ್‌ಕುಮಾರ್. ಮಹದೇವಯ್ಯ ಕೈಯೆತ್ತಿ ತಡೆದರು.

“ಎಂಗೆ ಕಲ್ತೆ ಇದನ್ನೆಲ್ಲ?”

“ಮೈಸೂರಲ್ಲಿ ಒಬ್ಬ ಫ್ರೆಂಡವ್ನೆ ಸಾ. ಸೈಬರಿನ ಹಳೇ ಕಂಪ್ಯೂಟರಲ್ಲಿ ಈ ಗೇಮು ತೊದಲ್ತದೆ. ಕಾರು ನಿಂತು ನಿಂತು ಓಡ್ತದೆ. ಬಾವನ ಮ್ಯಾಕ್ ಒಳ್ಳೇ ಮಿಷನ್ನು, ಆದ್ರೆ ಗೇಮು ಮ್ಯಾಕ್‌ಗೆ ಬಂದಿಲ್ಲ. ಹೊಸ ಮ್ಯಾಕಲ್ಲಿ ಜಾಗ ಪಾಲ್ ಮಾಡಿ ವಿಂಡೋಸ್ ಹಾಕ್ಬೋದು ಅಂತ ಅವ್ನು ಹೇಳ್ದ. ಒಂದು ಭಾನುವಾರ ಬಂದು ಹಾಕೊಟ್ಟ.”

“ಅಷ್ಟೊಂದು ಆಸೆಯಾ?”

ಜಗನ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ನಾನು ಗೂಡ್ಸ್ ಗಾಡಿ ಓಡಿಸ್ತಿದ್ದೆ ಸಾ. ಹುಲ್ಲಹಳ್ಳಿ ಸಂತೆಯಿಂದ ಮೈಸೂರು ಮಾರ್ಕೆಟ್ಟಿಗೆ, ದಿನಾ. ಕಾಲು ಮುರುದ್ಮೇಲೆ ಇನ್ನು ಸ್ಟೇರಿಂಗ್ ಮುಟ್ಬೇಡ ಅಂದ್ರು ಡಾಕ್ಟ್ರು. ಇದ್ರಲ್ಲಿ ಬ್ರೇಕ್ ತುಳಿಯಕ್ಕೆ ಕಾಲು ಬೇಡ. ಬೆರಳೇ ಸಾಕು.”

ಹೊರಗೆ ಚಾಮರಾಜನಗರದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದದ್ದು ಕೇಳಿಸಿತು.

“ಗಡಿಯಾರ?”

“ಅದು ಎರಡು ಕಡೆಗೂ ಒಂದೇ ಗಡಿಯಾರ ಸಾ. ಆದ್ರೆ ಮ್ಯಾಕು ಅದನ್ನ ಲಂಡನ್ ಟೈಮು ಅಂತ ಓದಿ ಐದೂವರೆ ಕೂಡಿಸ್ಕತದೆ. ವಿಂಡೋಸು ಇಲ್ಲಿನ ಟೈಮು ಅಂತ್ಲೇ ಓದ್ತದೆ. ಮೊದಮೊದ್ಲು ಆಟಕ್ಕೆ ಕೂತಾಗ ಟೈಮು ಹಿಂದೈತೆ ಅಂತ ನಾನು ತಿದ್ದಿದ್ದೆ. ಬೆಳಿಗ್ಗೆ ಮ್ಯಾಕಲ್ಲಿ ಮುಂದಕ್ಕೋಗಿರದು, ಕೋಮಲಕ್ಕ ತಿದ್ದೋರು. ರಿಪೇರಿಯೋನು ತಿರುಗ ಬತ್ತಾನೆ ಅಂದ್ಮೇಲೆ ಹೆದ್ರಿಕೆ ಆಗಿ, ಆ ಮಂಗಳವಾರಕ್ಕೂ ವಾರ ಮುಂಚೇನೇ ತಿದ್ದದು ಬುಟ್ಬುಟ್ಟೆ. ಅದ್ರ ಪಾಡಿಗೆ ಹಿಂದೇನೇ ಇರ್ಲಿ ಅಂತ.”

“ಒಂದು ಗಡಿಯಾರಕ್ಕೆ ಇಬ್ರು ಯಜಮಾನ್ರು,” ಎಂದರು ಮಹದೇವಯ್ಯ. “ಸರಿ. ಪ್ರಶ್ನೆಪತ್ರಿಕೆ ಇದ್ರೊಳಕ್ಕೆ ಎಂಗೆ ಬಂತು?”

“ನಾನೇ ತಂದೆ. ಆದ್ರೆ ಗೊತ್ತಿಲ್ದೆ ತಂದೆ ಸಾ, ನಿಜ ಹೇಳ್ತೀನಿ. ಗೇಮಿಗೆ ಒಂದು ಫೈಲು ಬೇಕಿತ್ತು. ಪಕ್ಕದ ಸೈಬರಿಂದ ತರಕ್ಕೆ, ಕೋಮಲಕ್ಕ ಹೋದ್ಮೇಲೆ ಅವ್ರ ಡ್ರಾಯರಿಂದ ಪೆನ್‌ಡ್ರೈವ್ ತಕಂಡೋದೆ. ವಾಪಸ್ ಬಂದು ಒಂದೊಂದೇ ಹುಡುಕಕ್ಕೆ ಬೇಜಾರಾಗಿ, ಅದ್ರಲ್ಲಿದ್ದಿದ್ದನ್ನೆಲ್ಲ ಒಟ್ಟಿಗೆ ಎತ್ತಿ ಈ ಫೋಲ್ಡರಿಗೆ ಸುರುದ್ಬುಟ್ಟೆ. ಅದ್ರಲ್ಲಿ ಪ್ರಶ್ನೆಪತ್ರಿಕೆ ಇತ್ತು ಅಂತ ಮೇಷ್ಟ್ರು ತೆಗುದ್ಮೇಲೇ ನಂಗೂ ಗೊತ್ತಾಗಿದ್ದು. ಪೆನ್‌ಡ್ರೈವ್ ಅವತ್ತೇ ಡ್ರಾಯರಲ್ಲಿ ಇಟ್ಟಿವ್ನಿ.”

“ಪ್ರಿಂಟ್ ತೆಗುದ್ಯಾ?”

“ಈ ಕಡೆಯಿಂದ ಪ್ರಿಂಟರೇ ಓಡಕಿಲ್ಲ ಸಾ. ಬೇಕಾದ್ರೆ ಈಗ್ಲೇ ಒತ್ತಿ ನೋಡಿ.”

ಒತ್ತಿ ನೋಡಿದರು. ಪ್ರಿಂಟರ್ ಸಿಕ್ಕಿಲ್ಲ ಎಂದು ಪರದೆ ಹೇಳಿತು. ಇನ್ನೊಂದು ಸಲ ಒತ್ತಿದರು. ಅದೇ ಉತ್ತರ.

ಪ್ರೇಮ್‌ಕುಮಾರ್ ಅಷ್ಟು ಹೊತ್ತು ತಡೆದುಕೊಂಡಿದ್ದ. “ಇಷ್ಟೆಲ್ಲ ಗೊತ್ತಿದ್ದೂ ನಾಲ್ಕು ದಿನ ಬಾಯಿಗೆ ಬೀಗ ಹಾಕ್ಕಂಡಿದ್ಯಲ್ಲೋ. ಅವಳ ಮರ್ಯಾದೆ ಹೋಗ್ತಾ ಇದ್ರೆ ಸುಮ್ಕಿದ್ಯಲ್ಲೋ.”

“ಮನೆಯಿಂದ ಆಚೆಗೆ ಹಾಕ್ತೀಯ ಅಂತ, ಬಾವ. ನಾನೋದ್ರೆ ಓಗ್ಲಿ, ಅಕ್ಕ ಅಳ್ತಾಳೆ ಅಂತ.” ಜಗನ್ ಲೋಟವನ್ನು ಮೇಜಿನ ಮೇಲಿಟ್ಟ. “ಕೋಮಲಕ್ಕ ತಪ್ಪು ಮಾಡಿಲ್ಲ, ತಾನಾಗೇ ಗೊತ್ತಾಯ್ತದೆ ಅನ್ಕಂಡಿದ್ದೆ. ದಿನಾ ಅಂಗೇ ಅನ್ಕತಾ ಇದ್ದೆ.”

ತಪ್ಪು ಮಾಡಿದವರಿಗಿಂತ ಹೇಳಲಾರದೆ ಕುಳಿತವರೇ ಈ ಲೋಕದಲ್ಲಿ ಹೆಚ್ಚು ಎಂಬುದನ್ನು ಮಹದೇವಯ್ಯ ಬಸ್ ನಿಲ್ದಾಣದ ಕಲ್ಲುಬೆಂಚುಗಳ ಮೇಲೆ ಬೇಕಾದಷ್ಟು ಕಂಡಿದ್ದರು. ಅವರು ಜಗನ್‌ನ ಬೆನ್ನ ಮೇಲೆ ಕೈ ಇಟ್ಟರು.

“ತಾನಾಗೇ ಯಾವುದೂ ಗೊತ್ತಾಗಲ್ಲ ಕಣ್ಲಾ. ಯಾರಾದ್ರೂ ಹೇಳ್ಬೇಕು. ಸಾಯಂಕಾಲ ನಾಲ್ಕಕ್ಕೆ ನರಸೀಪುರಕ್ಕೆ ಬಂದು ಇದನ್ನೆಲ್ಲ ಹೇಳ್ತೀಯಾ?”

“ಹೇಳ್ತೀನಿ ಸಾ.”

“ನಾನೇ ಕರ್ಕಂಬತ್ತೀನಿ,” ಎಂದ ಪ್ರೇಮ್‌ಕುಮಾರ್. ಒಂದು ಕ್ಷಣ ಬಿಟ್ಟು, ಬಾಮೈದನ ಮುಖ ನೋಡದೆಯೇ, “ಟೀ ಆರೋಯ್ತದೆ, ಕುಡಿ,” ಎಂದ.

ಮಹದೇವಯ್ಯ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ, ಸುರುಳಿ ಸುತ್ತಿ, ಬಗಲಚೀಲಕ್ಕೆ ಹಾಕಿಕೊಂಡು ಹೊರಟರು.

ಬದನವಾಳಿನಲ್ಲಿ ಇಳಿದಾಗ ಹನ್ನೊಂದೂವರೆ ಕಳೆದಿತ್ತು. ದಾರಿಯುದ್ದಕ್ಕೂ ಅವರ ಮನಸ್ಸು ಹಗುರವಾಗಿತ್ತು. ಕೋಮಲಳ ತಾಯಿ ಮಂಚಮ್ಮ ಖಾದಿ ಕೇಂದ್ರದಲ್ಲಿ ನೂಲುವವಳು. ಹಿಂದೆ ಬಟ್ಟೆಯ ಗಂಟು ಹೊತ್ತು ನರಸೀಪುರಕ್ಕೆ ಬಂದಾಗಲೆಲ್ಲ ಕಂಟ್ರೋಲರ್ ಕೋಣೆಯ ಮುಂದೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಆ ಪರಿಚಯದ ಮೇಲೆಯೇ ಮೊನ್ನೆ ಅವರ ಮನೆ ಬಾಗಿಲಿಗೆ ಬಂದು, ಏನೂ ಹೇಳಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಇವತ್ತು ಮಂಚಮ್ಮ ಕೆಲಸಕ್ಕೆ ಹೋಗಿರಲಿಲ್ಲ. ಜಗುಲಿಯ ಮೇಲೆ ಚಾಪೆ ಹಾಸಿದಳು. “ಬನ್ನಿ ಅಣ್ಣ. ನೀರು ಕುಡೀರಿ. ಬಿಸ್ಲಲ್ಲಿ ಬಂದಿದ್ದೀರಿ.”

“ನೀರಿರ್ಲಿ ತಂಗಿ. ಮೊದ್ಲು ಮಗಳನ್ನ ಕರಿ. ಅವಳಿಗೆ ಒಂದು ಒಳ್ಳೇ ಸುದ್ದಿ ತಂದಿವ್ನಿ.”

ಕೋಮಲ ಬಂದು ಕಂಬಕ್ಕೆ ಒರಗಿ ನಿಂತಳು. ಅವಳ ಹಿಂದೆ, ಒಳಮನೆಯ ಹೊಸಿಲಿನ ಮೇಲೆ, ತಂಗಿ ಕವನ ಕುಳಿತಿದ್ದಳು. ನರಸೀಪುರದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಹತ್ತನೇ ತರಗತಿ ಓದುತ್ತಿರುವ ಹುಡುಗಿ. ನೆನ್ನೆ ಮಧ್ಯಾಹ್ನ ಮನೆಗೆ ಬಂದಿದ್ದಳು.

ಮಹದೇವಯ್ಯ ಎಲ್ಲವನ್ನೂ ಹೇಳಿದರು. ಕ್ಯಾಲೆಂಡರ್ ಬಿಚ್ಚಿ ಅವಳದೇ ಅಕ್ಷರ ತೋರಿಸಿದರು. ಐದೂವರೆ ಗಂಟೆಯ ಲೆಕ್ಕ, ಜಗನ್‌ನ ಕಾರು, ಪೆನ್‌ಡ್ರೈವ್, ಓಡದ ಪ್ರಿಂಟರು. “ಐದೂ ಹತ್ತಕ್ಕೆ ನೀನು ಮನೆ ಸೇರಿದ್ದೆ ಮಗ. ಆ ಫೈಲಿಗೂ ನಿನಗೂ ಸಂಬಂಧ ಇಲ್ಲ. ಹೊರಡು, ಒಂದು ಗಂಟೆ ಬಸ್ಸಿಗೆ ನಂಜನಗೂಡು, ಅಲ್ಲಿಂದ ಎರಡೂ ಹತ್ತರ ಗಾಡಿ ಹಿಡುದ್ರೆ ಮೂರೂಕಾಲಿಗೆ ನರಸೀಪುರ.”

ಮಂಚಮ್ಮ ಕೈ ಮುಗಿದಳು. ಕೋಮಲ ಮುಗಿಯಲಿಲ್ಲ. ಅವಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತು, ಆದರೆ ಅದು ನೆಮ್ಮದಿಯ ನೀರಿನಂತೆ ಕಾಣಲಿಲ್ಲ.

“ನೀವು ಇಷ್ಟು ಕಷ್ಟ ಬೀಳ್ಬಾರ್ದಿತ್ತು ಅಯ್ಯ,” ಎಂದಳು. “ಆ ಫೈಲನ್ನ ನಾನು ಹಾಕಿಲ್ಲ, ಅದು ದಿಟ. ಆದ್ರೆ ಪತ್ರಿಕೆ ಹೊರಗೆ ಹೋಗಿದ್ದು ನನ್ನ ಕೈಯಿಂದ್ಲೇ.”

ಮಹದೇವಯ್ಯ ಕ್ಯಾಲೆಂಡರನ್ನು ಸುತ್ತುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು.

ಕೋಮಲ ಒಳಗೆ ಹೋಗಿ ಹಾಳೆಗಳ ಒಂದು ಕಟ್ಟು ತಂದಳು. ಒಂದು ಕಡೆ ಮದುವೆ ಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಬಿಲ್ ಪುಸ್ತಕದ ಪುಟ. ಎಲ್ಲವೂ ಸರಿಯಾಗಿ ಅಚ್ಚಾಗದೆ ಕೆಟ್ಟವು. ಹಿಂದಿನ ಖಾಲಿ ಮೈತುಂಬ ಪೆನ್ಸಿಲಿನಲ್ಲಿ ಲೆಕ್ಕಗಳು.

“ಪ್ರೆಸ್ಸಲ್ಲಿ ಕೆಟ್ಟ ಹಾಳೇನ ನಾವೆಲ್ಲ ಮನೆಗೆ ತರ್ತೀವಿ ಅಯ್ಯ. ಮಕ್ಕಳು ರಫ್ ಲೆಕ್ಕ ಮಾಡ್ತವೆ, ಪುಸ್ತಕದ ದುಡ್ಡು ಉಳೀತದೆ. ಯಜಮಾನ್ರೇ ತಕಂಡೋಗಿ ಅಂತಾರೆ. ಪ್ರಶ್ನೆಪತ್ರಿಕೇದು ಮಾತ್ರ ಸುಟ್ಟಾಕ್ಬೇಕು. ಅವತ್ತು ಮಂಗಳವಾರ ಪ್ರಿಂಟರು ಗೀಟೆಳೀತಿತ್ತು, ನಾಲ್ಕೈದು ಹಾಳೆ ಕೆಟ್ವು. ಸುಟ್ಟೆ ಅಂತ್ಲೇ ಅನ್ಕಂಡಿದ್ದೆ. ಬಸ್ಸಿಗೆ ಹೊತ್ತಾಗಿತ್ತು.” ಅವಳು ಕಟ್ಟಿನ ನಡುವಿನಿಂದ ಒಂದು ಹಾಳೆ ಎಳೆದಳು. ಅದರ ಮೇಲೆ ಗಣಿತದ ಪ್ರಶ್ನೆಗಳಿದ್ದವು, ನಡುವೆ ಉದ್ದಕ್ಕೂ ಒಂದು ಕಪ್ಪು ಗೀಟು. “ಬುಧವಾರ ಅವ್ವ ಹಾಸ್ಟೆಲ್ಲಿಗೆ ಹೋದಾಗ ಈ ಕಟ್ಟು ಕೊಟ್ಟು ಕಳಿಸ್ದೆ. ನೆನ್ನೆ ಇವಳ ಚೀಲ ಬಿಚ್ಚಿದಾಗ ನೋಡ್ದೆ. ಇದು ಎರಡನೇ ಪುಟ. ಒಂದನೇದು, ಮೂರನೇದು ಇಲ್ಲ.”

“ಇವಳು ನೋಡಿದ್ಳಾ?”

“ಖಾಲಿ ಕಡೆ ಲೆಕ್ಕ ಮಾಡ್ಕಂಡವಳೆ, ಅಷ್ಟೇ. ಪರೀಕ್ಷೇಲಿ ಇವಳಿಗೆ ಬಂದಿರೋದು ಮೂವತ್ತೆಂಟು ನಂಬರು ಅಯ್ಯ. ನೋಡಿದ್ರೆ ಅಷ್ಟೇ ಬರ್ತಿತ್ತಾ?”

ಹೊಸಿಲಿನ ಮೇಲೆ ಕವನ ಮೊಣಕಾಲುಗಳ ನಡುವೆ ಮುಖ ಹುದುಗಿಸಿದಳು.

“ಮಿಕ್ಕ ಎರಡು ಹಾಳೆ ಎಲ್ಲಿ ಅಂದ್ರೆ ನೆನ್ನೆಯಿಂದ ಬಾಯೇ ಬಿಡ್ತಿಲ್ಲ,” ಎಂದಳು ಕೋಮಲ. “ಯಾರೋ ಗೆಳತೀರಿಗೆ ಕೊಟ್ಟಿರ್ಬೇಕು. ಇವಳ ಹೆಸರು ಹೇಳಿದ್ರೆ ಇವಳನ್ನ ಪರೀಕ್ಷೆಗೇ ಕೂರಿಸಲ್ಲ. ಅದಕ್ಕೇ ಬರೆದಿಟ್ಟಿವ್ನಿ.”

ಅವಳು ಮಡಿಸಿದ ಕಾಗದವೊಂದನ್ನು ಚಾಪೆಯ ಮೇಲಿಟ್ಟಳು. ನಾನೇ ಕೊಟ್ಟೆ, ತಪ್ಪಾಯಿತು, ಎಂದಿತ್ತು. ಕೆಳಗೆ ಸಹಿ.

“ಕೆಲ್ಸ ಹೋದ್ರೆ ಹೋಯ್ತದೆ ಅಯ್ಯ. ನಾನು ಟೈಪ್ ಮಾಡಿ ಬದುಕ್ಕತೀನಿ. ಇವಳಿಗೆ ಇರೋದು ಇದೊಂದೇ ವರ್ಷ.”

ಮಹದೇವಯ್ಯ ಆ ಕಾಗದವನ್ನು ಮುಟ್ಟಲಿಲ್ಲ. ಎದ್ದು ಹೋಗಿ ಹೊಸಿಲಿನ ಹತ್ತಿರ, ನೆಲದ ಮೇಲೆ ಕುಳಿತರು. ವಯಸ್ಸಾದ ಮೊಣಕಾಲು ನೋಯಿತು.

“ಅವ್ವ ಕವನ. ಬಸ್‌ಸ್ಟ್ಯಾಂಡಲ್ಲಿ ಚೀಲ ಕಳ್ಕಂಡ ಮಕ್ಕಳು ನನ್ನ ಹತ್ರ ಬರ್ತಿದ್ವು. ಯಾವುದಕ್ಕೂ ನಾನು ಬೈದಿಲ್ಲ. ಎಲ್ಲಿ ಬಿಟ್ಟೆ ಅಂತ ಮಾತ್ರ ಕೇಳ್ತಿದ್ದೆ. ಅಷ್ಟೇ ಕೇಳ್ತೀನಿ ಈಗ್ಲೂ.”

ಕವನ ತಲೆ ಎತ್ತದೆಯೇ ಮಾತಾಡಿದಳು.

“ನಾನು ಯಾರ್ಗೂ ಕೊಡ್ಲಿಲ್ಲ ತಾತ. ಗುರುವಾರ ಕ್ಲಾಸಲ್ಲಿ ರಫ್ ಲೆಕ್ಕ ಮಾಡ್ತಿದ್ದಾಗ ಅವ್ರೇ ಬಂದು ಹಾಳೆ ತಿರುಗಿಸಿ ನೋಡುದ್ರು. ಎರಡು ಹಾಳೆ ಮಡಿಚಿ ಜೇಬಿಗೆ ಹಾಕ್ಕಂಡ್ರು. ಇದು ಯಾರ್ಗೂ ಹೇಳ್ಬೇಡ, ಹೇಳಿದ್ರೆ ನಿಮ್ಮಕ್ಕ ಜೈಲಿಗೋಯ್ತಳೆ ಅಂದ್ರು.”

ಗುರುವಾರ ಹದಿನಾಲ್ಕು. ಪರೀಕ್ಷೆ ನಡೆದದ್ದು ಸೋಮವಾರ ಹದಿನೆಂಟು. ನಡುವೆ ನಾಲ್ಕು ದಿನ. ನೋಡಿದವರು ಬಾಯಿ ಬಿಟ್ಟಿದ್ದರೆ ಪತ್ರಿಕೆ ಬದಲಾಯಿಸಲು ಸಾಕಾಗುವಷ್ಟು ಹೊತ್ತು.

“ಯಾರವ್ವ ಅವರು?”

“ಹೆಡ್‌ಮಾಸ್ಟ್ರು,” ಎಂದಳು ಕವನ. “ಕಲ್ಲಯ್ಯ ಮೇಷ್ಟ್ರು.”

ಕೋಮಲಳ ಕೈ ಕಂಬದಿಂದ ಜಾರಿತು. ಅವಳ ಮೇಲೆ ಸಮಿತಿಗೆ ದೂರು ಕೊಟ್ಟವರು ಕಲ್ಲಯ್ಯನವರು. ಇವತ್ತು ನಾಲ್ಕು ಗಂಟೆಗೆ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು, ಅವಳು ಕಳ್ಳಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರೂ ಅವರೇ.